ಎದ್ದಾಗ ಕವಿಯುವ ಕತ್ತಲೆ: ನಿಂತಾಗ ಇಳಿಯುವ ರಕ್ತದೊತ್ತಡದ ಚಿಕಿತ್ಸೆ ಮತ್ತು ಜನಪದ ತಿಳಿವಳಿಕೆ

ಕನ್ನಡದಲ್ಲಿ ಜನಪದ ವೈದ್ಯದ ಅಧ್ಯಯನವು ಬಹುಮಟ್ಟಿಗೆ ಗಿಡಮೂಲಿಕೆಗಳ ಪಟ್ಟಿ, ಔಷಧ ತಯಾರಿಕೆಯ ವಿವರ ಹಾಗೂ ನಾಟಿವೈದ್ಯರ ಪರಿಚಯಗಳ ಸುತ್ತ ಬೆಳೆದು ಬಂದಿದೆ. ರೋಗವನ್ನು ಜನರು ಯಾವ ಮಾತಿನಲ್ಲಿ ಹೇಳಿಕೊಳ್ಳುತ್ತಾರೆ, ಔಷಧವೆಂದು ಹೆಸರಿಲ್ಲದ ಯಾವ ಯಾವ ನಡವಳಿಕೆಗಳಿಂದ ಅದನ್ನು ನಿಭಾಯಿಸುತ್ತಾರೆ ಎಂಬ ಪ್ರಶ್ನೆಗಳಿಗೆ ದೊರೆತ ಗಮನ ಕಡಿಮೆ. ಕುಳಿತವರು ಅಥವಾ ಮಲಗಿದವರು ಎದ್ದು ನಿಂತ ಕೂಡಲೇ ರಕ್ತದೊತ್ತಡ ಕುಸಿದು ಕಣ್ಣಿಗೆ ಕತ್ತಲೆ ಬರುವ ಸ್ಥಿತಿಯು ಇಂತಹ ವಿವೇಚನೆಗೆ ತಕ್ಕ ವಿಷಯವಾಗಿದೆ. ವೈದ್ಯಶಾಸ್ತ್ರವು ಇದನ್ನು ‘ಆರ್ಥೋಸ್ಟ್ಯಾಟಿಕ್ ಹೈಪೊಟೆನ್ಶನ್’ ಎಂದು ಕರೆಯುತ್ತದೆ. ಇದರ ಚಿಕಿತ್ಸೆಯ ಕುರಿತು ಸುಮಾರು ನೂರು ವರ್ಷಗಳಿಂದ ನಡೆದ ಸಂಶೋಧನೆಯನ್ನು ಪರಿಚಯಿಸಿ, ಧಾರವಾಡ ಜಿಲ್ಲೆಯ ಕಲಘಟಗಿ ತಾಲೂಕಿನ ದೇವಿಕೊಪ್ಪ ಮತ್ತು ಸುತ್ತಲಿನ ಸೀಮೆಯಲ್ಲಿ ಬಳಕೆಯಲ್ಲಿರುವ ಮಾತು ಹಾಗೂ ನಡವಳಿಕೆಗಳೊಂದಿಗೆ ಅದನ್ನು ಹೋಲಿಸಿ ನೋಡುವುದು ಪ್ರಸ್ತುತ ಲೇಖನದ ಉದ್ದೇಶ.

ಇದು ಕೇವಲ ಪಾಂಡಿತ್ಯದ ಕುತೂಹಲವಲ್ಲ. ಹಳ್ಳಿಯ ವೃದ್ಧರು ನಸುಕಿನಲ್ಲಿ ಬಹಿರ್ದೆಸೆಗೆ ಎದ್ದು ಬಿದ್ದು ತೊಡೆಯ ಎಲುಬು ಮುರಿದುಕೊಳ್ಳುವ ಸಂಗತಿ ಎಲ್ಲೆಡೆ ಕೇಳಿಬರುತ್ತದೆ. “ಕಾಲು ಜಾರಿತು” ಎಂದು ಮನೆಯವರು ಹೇಳುವ ಇಂತಹ ಬೀಳುವಿಕೆಗಳಲ್ಲಿ ಹಲವು, ಕಾಲು ಜಾರುವ ಮೊದಲೇ ಕಣ್ಣು ಕತ್ತಲಾಗಿದ್ದರಿಂದ ಆದವು. ಅಂತಹವರ ಮಾತನ್ನು ಸರಿಯಾಗಿ ಆಲಿಸುವುದು ಚಿಕಿತ್ಸೆಯ ಮೊದಲ ಹೆಜ್ಜೆ.

ಪ್ರದೇಶ

ಧಾರವಾಡ ಜಿಲ್ಲೆಯು ಎರಡು ಬಗೆಯ ನೆಲವನ್ನು ಒಳಗೊಂಡಿದೆ. ನವಲಗುಂದ, ಅಣ್ಣಿಗೇರಿ, ಕುಂದಗೋಳ ತಾಲೂಕುಗಳು ಬಹುಪಾಲು ಎರೆಮಣ್ಣಿನ ಬೆಳವಲ ಸೀಮೆ. ಜೋಳ, ಹತ್ತಿ, ಕಡಲೆಯ ನಾಡು. ಪಶ್ಚಿಮಕ್ಕಿರುವ ಕಲಘಟಗಿ ಅರೆಮಲೆನಾಡು. ಇಲ್ಲಿ ಭತ್ತ ಮುಖ್ಯ ಬೆಳೆ. ಹುಬ್ಬಳ್ಳಿಯಿಂದ ಯಲ್ಲಾಪುರದ ಕಡೆಗೆ ಹೋಗುವ ಹೆದ್ದಾರಿಯಲ್ಲಿ, ಕಾಡಿನ ಅಂಚಿಗೆ ದೇವಿಕೊಪ್ಪವಿದೆ. ಒಂದು ಕಡೆ ಹೊಲದ ದುಡಿಮೆ, ಇನ್ನೊಂದು ಕಡೆ ಕಾಡಿನ ಉತ್ಪನ್ನಗಳ ಪರಿಚಯ, ಮಗ್ಗುಲಲ್ಲೇ ಹುಬ್ಬಳ್ಳಿಯ ಆಸ್ಪತ್ರೆಗಳಿಗೆ ಹೋಗುವ ರಸ್ತೆ, ಈ ಮೂರೂ ಕೂಡಿದ ಊರು ಇದು. 1957ರಲ್ಲಿ ಹುಬ್ಬಳ್ಳಿಯಲ್ಲಿ ಆರಂಭವಾದ ಸರಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯು ಈ ಭಾಗದ ಜನರಿಗೆ ಬಹುಕಾಲದಿಂದ ಆಸರೆಯಾಗಿದೆ. ಹೀಗಾಗಿ ಗಾಂವಟಿ ಔಷಧ ಮತ್ತು ಆಸ್ಪತ್ರೆಯ ಗುಳಿಗೆ ಇಲ್ಲಿ ಒಂದೇ ಮನೆಯ ಒಂದೇ ಗೂಡಿನಲ್ಲಿ ಇರುತ್ತವೆ.

ಈ ಸೀಮೆಯ ದುಡಿಮೆಯ ಭಂಗಿಗಳನ್ನೂ ಇಲ್ಲಿ ಗಮನಿಸಬೇಕು. ಕಳೆ ತೆಗೆಯುವ ಹೆಂಗಸರು ಕುಕ್ಕರಗಾಲಿನಲ್ಲಿ ಗಂಟೆಗಟ್ಟಲೆ ಕುಳಿತು ಸರಿಯುತ್ತಾರೆ. ನವಲಗುಂದದ ಹೆಸರಾಂತ ಜಮಖಾನೆಗಳನ್ನು ನೇಯುವ ಹೆಂಗಸರು ನಿಲುಮಗ್ಗದ ಮುಂದೆ ನೆಲದ ಮೇಲೆ ಕುಳಿತೇ ನೇಯುತ್ತಾರೆ. ಕಲಘಟಗಿಯ ಬಣ್ಣದ ತೊಟ್ಟಿಲು ಮಾಡುವವರ ಕೆಲಸವೂ ಕುಳಿತು ಮಾಡುವಂತಹುದು. ನೆಲಕ್ಕೆ ಕುಳಿತು ಏಳುವುದು ಈ ಜೀವನಕ್ರಮದಲ್ಲಿ ದಿನಕ್ಕೆ ಹತ್ತಾರು ಸಲ ನಡೆಯುವ ಕ್ರಿಯೆ. ಕುರ್ಚಿಯಿಂದ ಏಳುವವರಿಗಿಂತ ನೆಲದಿಂದ ಏಳುವವರ ದೇಹಕ್ಕೆ ಇದು ಹೆಚ್ಚಿನ ಪರೀಕ್ಷೆ.

ದೇಹದೊಳಗೆ ನಡೆಯುವುದೇನು?

ಮನುಷ್ಯನು ಎದ್ದು ನಿಂತಾಗ ಅರ್ಧ ಲೀಟರಿಗೂ ಹೆಚ್ಚು ರಕ್ತವು ನೆಲದ ಸೆಳೆತದಿಂದ ಕಾಲು ಮತ್ತು ಹೊಟ್ಟೆಯ ರಕ್ತನಾಳಗಳಿಗೆ ಇಳಿಯುತ್ತದೆ. ಹೃದಯಕ್ಕೆ ಮರಳುವ ರಕ್ತ ಕಡಿಮೆಯಾಗುತ್ತದೆ. ಕೊರಳಿನ ಧಮನಿಯಲ್ಲಿ ಹಾಗೂ ಹೃದಯದಿಂದ ಹೊರಡುವ ಮಹಾಧಮನಿಯಲ್ಲಿ ಇರುವ ಒತ್ತಡಗ್ರಾಹಿ ನರತುದಿಗಳು ಈ ಇಳಿತವನ್ನು ಕ್ಷಣದಲ್ಲಿ ಅರಿತು ಮಿದುಳಿಗೆ ತಿಳಿಸುತ್ತವೆ. ಮಿದುಳು ಅನೈಚ್ಛಿಕ ನರಗಳ ಮೂಲಕ ರಕ್ತನಾಳಗಳನ್ನು ಬಿಗಿಗೊಳಿಸಿ ಹೃದಯದ ಬಡಿತವನ್ನು ಹೆಚ್ಚಿಸುತ್ತದೆ. ಆ ನರತುದಿಗಳಲ್ಲಿ ಸ್ರವಿಸುವ ರಾಸಾಯನಿಕವು ನಾರ್‌ಅಡ್ರಿನಲಿನ್ ಎಂಬುದನ್ನು ಸ್ವೀಡನ್ನಿನ ಉಲ್ಫ್ ಫಾನ್ ಆಯ್ಲರ್ 1946ರಲ್ಲಿ ತೋರಿಸಿಕೊಟ್ಟರು. ಆರೋಗ್ಯವಂತರಲ್ಲಿ ಈ ಎಲ್ಲ ಕೆಲಸ ಕೆಲವೇ ಕ್ಷಣಗಳಲ್ಲಿ ಮುಗಿಯುವುದರಿಂದ ಅದು ನಡೆದದ್ದೇ ತಿಳಿಯುವುದಿಲ್ಲ.

ಈ ವ್ಯವಸ್ಥೆ ಎರಡು ಬಗೆಯಲ್ಲಿ ಸೋಲುತ್ತದೆ. ಮೊದಲನೆಯದು, ನರಗಳು ಸರಿಯಿದ್ದೂ ರಕ್ತದ ಪ್ರಮಾಣ ಸಾಲದೆ ಹೋಗುವುದು: ಬಿಸಿಲು, ಬೆವರು, ವಾಂತಿಭೇದಿ, ಉಪವಾಸ, ರಕ್ತಸ್ರಾವ ಇದಕ್ಕೆ ಕಾರಣ. ಎರಡನೆಯದು, ನರಗಳೇ ಕೆಡುವುದು: ಬಹುಕಾಲದ ಮಧುಮೇಹ, ಪಾರ್ಕಿನ್ಸನ್ ಕಾಯಿಲೆ ಹಾಗೂ ಕೆಲವು ಅಪರೂಪದ ನರರೋಗಗಳಲ್ಲಿ ಹೀಗಾಗುತ್ತದೆ. ಇವೆರಡರ ಜೊತೆಗೆ ಔಷಧಗಳ ಪರಿಣಾಮವೂ ಸೇರುತ್ತದೆ. ಮೂತ್ರ ಹೆಚ್ಚಿಸುವ ಗುಳಿಗೆ, ಮೂತ್ರಕೋಶದ ಗ್ರಂಥಿ ಊದಿದ ವೃದ್ಧರಿಗೆ ಕೊಡುವ ಗುಳಿಗೆ, ಖಿನ್ನತೆಗೆ ಕೊಡುವ ಕೆಲವು ಗುಳಿಗೆಗಳು ನಿಂತಾಗಿನ ಒತ್ತಡವನ್ನು ಇಳಿಸಬಲ್ಲವು.

1996ರಲ್ಲಿ ಅಮೆರಿಕದ ನರವೈದ್ಯರ ಸಂಘಟನೆಗಳು ಒಪ್ಪಿದ ವ್ಯಾಖ್ಯೆಯ ಪ್ರಕಾರ, ನಿಂತ 3 ನಿಮಿಷಗಳೊಳಗೆ ಮೇಲಿನ ಒತ್ತಡವು ಕನಿಷ್ಠ 20 ಮಿಲಿಮೀಟರ್ ಅಥವಾ ಕೆಳಗಿನ ಒತ್ತಡವು ಕನಿಷ್ಠ 10 ಮಿಲಿಮೀಟರ್ ಇಳಿದರೆ ಈ ಸ್ಥಿತಿ ಇದೆಯೆಂದು ಹೇಳಬಹುದು. 2011ರಲ್ಲಿ ಇದನ್ನು ಪರಿಷ್ಕರಿಸಿ, ಮಲಗಿದಾಗ ಒತ್ತಡ ಹೆಚ್ಚಿರುವವರಲ್ಲಿ 30 ಮಿಲಿಮೀಟರ್ ಇಳಿತವನ್ನು ಅಳತೆಯಾಗಿ ಹಿಡಿಯುವುದು ಸೂಕ್ತವೆಂದು ಸೂಚಿಸಲಾಯಿತು. 2020ರಲ್ಲಿ ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿದ ಸಮೀಕ್ಷೆಯೊಂದು, 60 ದಾಟಿದವರಲ್ಲಿ ಸುಮಾರು ಐವರಲ್ಲಿ ಒಬ್ಬರಿಗೆ ಇದು ಇರುವುದನ್ನು ಕಂಡುಕೊಂಡಿತು. ಅಂದಮೇಲೆ ಇದು ಅಪರೂಪದ ರೋಗವಲ್ಲ. ಅಪರೂಪವಾಗಿ ಅಳೆಯಲಾಗುವ ಸ್ಥಿತಿ.

ಹೆಸರುಗಳ ವಿಚಾರ

ಜನಪದ ಭಾಷೆಯಲ್ಲಿ ಈ ಅನುಭವಕ್ಕೆ ಒಂದೇ ಹೆಸರಿಲ್ಲ. ಧಾರವಾಡ ಸೀಮೆಯಲ್ಲಿ ಮೂರು ಮಾತುಗಳು ಬೇರೆ ಬೇರೆ ಅರ್ಥದಲ್ಲಿ ಬಳಕೆಯಲ್ಲಿವೆ. “ಕಣ್ಣಿಗೆ ಕತ್ತಲಿ ಬರತೈತಿ” ಎಂದರೆ ನೋಟ ಮಸುಕಾಗಿ ಕಪ್ಪಾಗುವುದು. “ಚಕ್ಕರ ಬರತೈತಿ” ಎಂದರೆ ತಾನು ಅಥವಾ ಸುತ್ತಲಿನ ವಸ್ತುಗಳು ತಿರುಗಿದಂತಾಗುವುದು. “ಬವಳಿ ಬಂದು ಬಿದ್ದ” ಎಂದರೆ ಎಚ್ಚರ ತಪ್ಪಿ ಬೀಳುವುದು. ಕಾರಣ ಹೇಳುವಾಗ “ಪಿತ್ತ ನೆತ್ತಿಗೇರೈತಿ”, “ನೆದರ ಆಗೈತಿ”, “ನಿಶ್ಶಕ್ತಿ” ಎಂಬ ಮಾತುಗಳು ಬರುತ್ತವೆ. ಇತ್ತೀಚಿನ ದಶಕಗಳಲ್ಲಿ “ಲೋ ಬಿಪಿ” ಎಂಬುದೂ ಈ ಪಟ್ಟಿಗೆ ಸೇರಿ, ಜನಪದ ಪದವೇ ಆಗಿಬಿಟ್ಟಿದೆ.

ಈ ವಿಂಗಡಣೆ ಶಾಸ್ತ್ರಗ್ರಂಥಗಳಲ್ಲಿಯೂ ಇದೆ. ಚರಕಸಂಹಿತೆಯ ಸೂತ್ರಸ್ಥಾನದ 24ನೆಯ ಅಧ್ಯಾಯವು ಮದ, ಮೂರ್ಛೆ, ಸಂನ್ಯಾಸ ಎಂಬ ಮೂರು ಹಂತಗಳನ್ನು ಹೇಳಿ, ಕಣ್ಣಿಗೆ ಕತ್ತಲೆ ಕವಿಯುವುದನ್ನು ಮೂರ್ಛೆಯ ಲಕ್ಷಣವಾಗಿ ಗುರುತಿಸುತ್ತದೆ. ಸುಶ್ರುತಸಂಪ್ರದಾಯವು ತಿರುಗಿದಂತಾಗುವ ‘ಭ್ರಮ’ವನ್ನು ಮೂರ್ಛೆಯಿಂದ ಬೇರ್ಪಡಿಸುತ್ತದೆ. ಕನ್ನಡದಲ್ಲಿ 12ನೆಯ ಶತಮಾನದ ಜಗದ್ದಳ ಸೋಮನಾಥನ ‘ಕರ್ಣಾಟಕ ಕಲ್ಯಾಣಕಾರಕ’, 14ನೆಯ ಶತಮಾನದ ಮಂಗರಾಜನ ‘ಖಗೇಂದ್ರಮಣಿದರ್ಪಣ’ಗಳಂತಹ ವೈದ್ಯಗ್ರಂಥಗಳು ರಚಿತವಾದುದರಿಂದ, ಪಿತ್ತ ಮೊದಲಾದ ಶಾಸ್ತ್ರಪದಗಳು ಹಳ್ಳಿಯ ಮಾತಿಗೆ ಇಳಿದು ಬರಲು ನಮ್ಮ ಭಾಷೆಯಲ್ಲೇ ದಾರಿಯಿತ್ತೆಂದು ಭಾವಿಸಬಹುದು.

ಇಂದಿನ ನರವೈದ್ಯರೂ ಇದೇ ಭೇದವನ್ನು ಮಾಡುತ್ತಾರೆ. ತಿರುಗಿದಂತಾಗುವುದು ಹೆಚ್ಚಾಗಿ ಒಳಗಿವಿಯ ಸಮತೋಲನಕ್ಕೆ ಸಂಬಂಧಿಸಿದ ತೊಂದರೆ. ಕತ್ತಲೆ ಕವಿಯುವುದು ಮಿದುಳು ಮತ್ತು ಕಣ್ಣಿಗೆ ರಕ್ತ ಸಾಲದೆ ಹೋದುದರ ಸೂಚನೆ. ಎರಡರ ಚಿಕಿತ್ಸೆಯೂ ಬೇರೆ. ಆದರೆ ಗದ್ದಲದ ಹೊರರೋಗಿ ವಿಭಾಗದಲ್ಲಿ ರೋಗಿ ಹೇಳಿದ ಮೂರೂ ಮಾತುಗಳು ಚೀಟಿಯ ಮೇಲೆ ‘ಗಿಡ್ಡಿನೆಸ್’ ಎಂಬ ಒಂದೇ ಪದವಾಗಿ ಬೀಳುವ ಸಂಭವವಿದೆ. “ಎದ್ದ ನಿಂತರ ಕಣ್ಣಿಗೆ ಕತ್ತಲಿ ಬರತೈತ್ರಿ” ಎಂದ ಅಜ್ಜನಿಗೆ ತಲೆಸುತ್ತಿನ ಗುಳಿಗೆ ದೊರೆತರೆ ಅವನ ಕತ್ತಲೆ ಹೋಗುವುದಿಲ್ಲ. ಆ ವಾಕ್ಯದಲ್ಲಿ ರೋಗದ ಲಕ್ಷಣವೂ ಅದು ಬರುವ ಸಂದರ್ಭವೂ ಎರಡೂ ಸ್ಪಷ್ಟವಾಗಿವೆ. ಭಾಷೆಯ ನಷ್ಟವು ಇಲ್ಲಿ ನೇರವಾಗಿ ಆರೋಗ್ಯದ ನಷ್ಟವಾಗುತ್ತದೆ. ಉಪಭಾಷೆಯ ರೋಗಪದಗಳನ್ನು ಸಂಗ್ರಹಿಸುವ ಕೆಲಸಕ್ಕೆ ಇದಕ್ಕಿಂತ ಬಲವಾದ ಸಮರ್ಥನೆ ಬೇಕಿಲ್ಲ.

ಮೂರು ಗಿಡಗಳ ಕಥೆ

ಈ ಸ್ಥಿತಿಯನ್ನು ಪ್ರತ್ಯೇಕ ರೋಗವಾಗಿ ಮೊದಲು ವಿವರವಾಗಿ ವರ್ಣಿಸಿದವರು ಅಮೆರಿಕದ ಬ್ರಾಡ್‌ಬರಿ ಮತ್ತು ಎಗಲ್‌ಸ್ಟನ್. 1925ರಲ್ಲಿ ಅವರು ಮೂವರು ರೋಗಿಗಳ ವೃತ್ತಾಂತವನ್ನು ಪ್ರಕಟಿಸಿದರು. ನಿಂತಾಗ ಒತ್ತಡ ಕುಸಿಯುವುದು, ಹೃದಯದ ಬಡಿತ ಏರದಿರುವುದು, ಬೆವರು ಕಡಿಮೆಯಾಗುವುದು, ಸೆಕೆಯಲ್ಲಿ ತೊಂದರೆ ಹೆಚ್ಚುವುದು, ಇವೆಲ್ಲವೂ ಒಂದೇ ನರವ್ಯವಸ್ಥೆಯ ಸೋಲಿನ ಗುರುತುಗಳೆಂಬ ತಿಳಿವಳಿಕೆಗೆ ಅಲ್ಲಿಂದ ದಾರಿಯಾಯಿತು. 1960ರಲ್ಲಿ ಶೈ ಮತ್ತು ಡ್ರೇಗರ್ ಎಂಬ ವೈದ್ಯರು ಮಿದುಳಿನ ಹಲವು ಭಾಗಗಳು ಕ್ಷಯಿಸುವ ಒಂದು ರೋಗದಲ್ಲಿ ಇದೇ ಕುಸಿತವನ್ನು ಗುರುತಿಸಿದರು.

ಚಿಕಿತ್ಸೆಯ ಚರಿತ್ರೆಯಲ್ಲಿ ಜಾನಪದ ಅಧ್ಯಯನಕಾರರ ಗಮನ ಸೆಳೆಯುವ ಮೂರು ಗಿಡಗಳು ಬರುತ್ತವೆ. ಮೊದಲನೆಯದು ಚೀನಾದ ಜನರು ಬಹುಕಾಲದಿಂದ ಕೆಮ್ಮು ಉಬ್ಬಸಗಳಿಗೆ ಬಳಸುತ್ತಿದ್ದ ‘ಮಾ ಹುವಾಂಗ್’. ಇದರಿಂದ ಜಪಾನಿನ ನಾಗಾಯಿ 1885ರಲ್ಲಿ ಎಫೆಡ್ರಿನ್ ಎಂಬ ಸಾರವನ್ನು ಬೇರ್ಪಡಿಸಿದರು. 1924ರಲ್ಲಿ ಚೆನ್ ಮತ್ತು ಶ್ಮಿಟ್ ಅದರ ಗುಣಗಳನ್ನು ಪಾಶ್ಚಾತ್ಯ ವೈದ್ಯಲೋಕಕ್ಕೆ ಪರಿಚಯಿಸಿದರು. ನಾಲ್ಕೇ ವರ್ಷಗಳಲ್ಲಿ, 1928ರಲ್ಲಿ, ಅಮೆರಿಕದ ಘ್ರಿಸ್ಟ್ ಮತ್ತು ಬ್ರೌನ್ ನಿಂತಾಗ ಮೂರ್ಛೆ ಹೋಗುವ ರೋಗಿಗೆ ಎಫೆಡ್ರಿನ್ ಕೊಟ್ಟು ಗುಣ ಕಂಡುದನ್ನು ಪ್ರಕಟಿಸಿದರು.

ಎರಡನೆಯದು ನಮ್ಮ ಪಶ್ಚಿಮಘಟ್ಟಗಳ ಕಾಡುಗಳಲ್ಲಿಯೂ ಬೆಳೆಯುವ ಸರ್ಪಗಂಧ. ಹಾವಿನ ಕಡಿತ, ಬುದ್ಧಿಭ್ರಮಣೆಗಳಿಗೆ ಇದರ ಬೇರನ್ನು ಭಾರತದ ಹಲವು ಕಡೆ ಬಳಸುತ್ತಿದ್ದರು. 1931ರಲ್ಲಿ ಕಲ್ಕತ್ತೆಯ ಗಣನಾಥ ಸೇನ್ ಮತ್ತು ಕಾರ್ತಿಕಚಂದ್ರ ಬೋಸ್ ಇದು ರಕ್ತದೊತ್ತಡವನ್ನು ಇಳಿಸುತ್ತದೆಂದು ವರದಿ ಮಾಡಿದರು. 1949ರಲ್ಲಿ ಮುಂಬಯಿಯ ರುಸ್ತುಮ್ ಜಾಲ್ ವಕೀಲರ ಲೇಖನವು ಅದನ್ನು ಜಗತ್ತಿಗೆ ತಿಳಿಸಿತು. 1952ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಅದರಿಂದ ರಿಸರ್ಪಿನ್ ಬೇರ್ಪಟ್ಟಿತು. ರಿಸರ್ಪಿನ್ ನರತುದಿಗಳಲ್ಲಿ ಸಂಗ್ರಹವಾದ ನಾರ್‌ಅಡ್ರಿನಲಿನ್ನನ್ನು ಬರಿದು ಮಾಡುತ್ತದೆ. ಆದುದರಿಂದ ಎದ್ದು ನಿಂತಾಗ ಒತ್ತಡ ಕುಸಿಯುವುದು ಅದರ ಅಡ್ಡಪರಿಣಾಮಗಳಲ್ಲೊಂದು. ಗಿಡಮೂಲಿಕೆಯಾದ ಕಾರಣಕ್ಕೆ ಔಷಧವು ನಿರಪಾಯವೆಂಬ ನಂಬಿಕೆಗೆ ಇದು ಉತ್ತರ. ಆಸ್ಪತ್ರೆಯ ಗುಳಿಗೆಯೊಂದಿಗೆ ಇಂತಹ ಬೇರನ್ನೂ ಸೇವಿಸುವವರಲ್ಲಿ ಕುಸಿತ ಇನ್ನಷ್ಟು ಹೆಚ್ಚಬಹುದು.

ಮೂರನೆಯದು ಹಳ್ಳಿಯ ಕಿರಾಣಿ ಅಂಗಡಿಯಲ್ಲೂ ಸಿಗುವ ಜ್ಯೇಷ್ಠಮಧು. 1946ರಲ್ಲಿ ಡಚ್ ವೈದ್ಯ ರೆವರ್ಸ್ ಹೊಟ್ಟೆಹುಣ್ಣಿಗೆ ಇದರ ಸಾರವನ್ನು ಕೊಡುತ್ತಿದ್ದಾಗ ಕೆಲವರಿಗೆ ಮೈ ಊದಿಕೊಳ್ಳುವುದನ್ನು ಗಮನಿಸಿದರು. ಜ್ಯೇಷ್ಠಮಧುವಿನ ಅಂಶವೊಂದು ದೇಹದಲ್ಲಿ ಉಪ್ಪು ನೀರುಗಳನ್ನು ಹಿಡಿದಿಡುವ ಹಾರ್ಮೋನಿನ ಕೆಲಸವನ್ನೇ ಅನುಕರಿಸಿ ಒತ್ತಡವನ್ನು ಏರಿಸುತ್ತದೆಂಬುದು ಮುಂದೆ ಸ್ಥಾಪಿತವಾಯಿತು. 1950ರ ದಶಕದ ಆರಂಭದಲ್ಲಿ ತಯಾರಾದ ಫ್ಲೂಡ್ರೊಕಾರ್ಟಿಸೋನ್ ಎಂಬ ಕೃತಕ ಹಾರ್ಮೋನು ಇದೇ ಉಪ್ಪುಹಿಡಿಯುವ ದಾರಿಯಲ್ಲಿ ಕೆಲಸ ಮಾಡುತ್ತದೆ. ಅದೇ ದಶಕದ ಕೊನೆಗೆ ಅದು ನಿಂತಾಗಿನ ಕುಸಿತಕ್ಕೆ ಔಷಧವಾಯಿತು, ಇಂದಿಗೂ ಬಳಕೆಯಲ್ಲಿದೆ. ಆದರೆ ಜ್ಯೇಷ್ಠಮಧುವನ್ನು ದಿನವೂ ಅಗಿಯುವುದು ಇದಕ್ಕೆ ಪರ್ಯಾಯವಲ್ಲ. ಅದರಿಂದ ದೇಹದ ಪೊಟ್ಯಾಸಿಯಂ ಇಳಿದು ಹೃದಯಕ್ಕೆ ಅಪಾಯವಾಗಬಹುದು.

ಒಂದು ಗಿಡ ಒತ್ತಡವನ್ನು ಏರಿಸಿತು, ಒಂದು ಇಳಿಸಿತು, ಇನ್ನೊಂದು ಉಪ್ಪನ್ನು ಹಿಡಿಯಿತು. ಮೂರನ್ನೂ ಜನರು ಬಳಸುತ್ತಿದ್ದುದು ಬೇರೆ ರೋಗಗಳಿಗೆ. ಜನಪದ ವೈದ್ಯವು ಪ್ರಯೋಗಾಲಯಕ್ಕೆ ಕೊಟ್ಟದ್ದು ಸಿದ್ಧ ಉತ್ತರವನ್ನಲ್ಲ. ಪರೀಕ್ಷಿಸಲು ತಕ್ಕ ವಸ್ತುವನ್ನು. ‘ನಮ್ಮ ಹಿರಿಯರಿಗೆ ಎಲ್ಲವೂ ಗೊತ್ತಿತ್ತು’ ಎಂಬ ಮಾತಿಗೂ ‘ಅವರಿಗೆ ಏನೂ ಗೊತ್ತಿರಲಿಲ್ಲ’ ಎಂಬ ಮಾತಿಗೂ ಈ ಚರಿತ್ರೆ ಅವಕಾಶ ಕೊಡುವುದಿಲ್ಲ.

ಗುಳಿಗೆಗಳು ಮತ್ತು ಪುರಾವೆ

ರಕ್ತನಾಳಗಳನ್ನು ಬಿಗಿಗೊಳಿಸುವ ಮಿಡೊಡ್ರಿನ್ ಔಷಧಕ್ಕೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯು 1996ರಲ್ಲಿ ತ್ವರಿತ ಮಾರ್ಗದಲ್ಲಿ ಅನುಮತಿ ನೀಡಿತು. ನಿಂತಾಗಿನ ಒತ್ತಡದ ಅಂಕಿ ಏರುತ್ತದೆಂಬುದು ಅದಕ್ಕೆ ಆಧಾರವಾಗಿತ್ತು. ರೋಗಿಯ ಬದುಕು ಸುಧಾರಿಸುತ್ತದೆಂಬುದನ್ನು ಆಮೇಲೆ ತೋರಿಸಬೇಕಿತ್ತು. ಆ ಪುರಾವೆ ಬರಲಿಲ್ಲವೆಂದು 2010ರಲ್ಲಿ ಅನುಮತಿಯನ್ನು ಹಿಂತೆಗೆಯುವ ಪ್ರಸ್ತಾಪವಾಯಿತು. ರೋಗಿಗಳು ಹಾಗೂ ವೈದ್ಯರ ವಿರೋಧದ ನಡುವೆ ಔಷಧವು ಮಾರುಕಟ್ಟೆಯಲ್ಲಿ ಉಳಿಯಿತು. ದೇಹದೊಳಗೆ ನಾರ್‌ಅಡ್ರಿನಲಿನ್ ಆಗಿ ಮಾರ್ಪಡುವ ಡ್ರಾಕ್ಸಿಡೋಪ ಜಪಾನಿನಲ್ಲಿ 1989ರಿಂದ ಬಳಕೆಯಲ್ಲಿದೆ. ಅಮೆರಿಕದಲ್ಲಿ 2014ರಲ್ಲಿ ಅನುಮತಿ ಪಡೆಯಿತು. ಅದರ ದೀರ್ಘಕಾಲದ ಲಾಭವೂ ಖಚಿತವಾಗಿಲ್ಲ. ಫ್ಲೂಡ್ರೊಕಾರ್ಟಿಸೋನಿನ ಪ್ರಯೋಗಗಳನ್ನು 2021ರಲ್ಲಿ ಪರಿಶೀಲಿಸಿದ ಕಾಕ್ರೇನ್ ಸಮೀಕ್ಷೆಯು, ದಶಕಗಳಿಂದ ಬಳಸಿದ ಈ ಔಷಧದ ಪುರಾವೆ ಬಹಳ ದುರ್ಬಲವೆಂದು ತೀರ್ಮಾನಿಸಿತು.

ಈ ಎಲ್ಲ ಔಷಧಗಳಿಗೂ ಒಂದು ಸಮಾನ ಅಪಾಯವಿದೆ. ನಿಂತಾಗ ಒತ್ತಡವನ್ನು ಎತ್ತಿಹಿಡಿಯುವ ಗುಳಿಗೆ ಮಲಗಿದಾಗಲೂ ಅದನ್ನು ಏರಿಸುತ್ತದೆ. ಆದುದರಿಂದ ಮಿಡೊಡ್ರಿನ್ ಸೇವಿಸಿ ಮಲಗಬಾರದೆಂದು ವೈದ್ಯರು ಎಚ್ಚರಿಸುತ್ತಾರೆ. ಗುಳಿಗೆಗಿಂತ ಮೊದಲು ನಡವಳಿಕೆಯ ಮಾರ್ಪಾಟುಗಳನ್ನು ಅನುಸರಿಸಬೇಕೆಂಬುದು ಇಂದಿನ ಸಾಮಾನ್ಯ ಒಪ್ಪಂದ. ಜನಪದ ರೂಢಿಗಳನ್ನು ಪರಿಶೀಲಿಸಬೇಕಾದುದೂ ಈ ನೆಲೆಯಲ್ಲಿಯೇ.

ರೂಢಿಗಳ ಪರಿಶೀಲನೆ

ನೀರು: ಬಿಸಿಲಿನಲ್ಲಿ ಬಂದವರಿಗೆ ಮಾತಿಗಿಂತ ಮೊದಲು ಬೆಲ್ಲ ಮತ್ತು ನೀರು ಕೊಡುವುದು ಉತ್ತರ ಕರ್ನಾಟಕದ ಮನೆಗಳ ಸಂಪ್ರದಾಯ. 2000ದಲ್ಲಿ ಜೆನ್ಸ್ ಜೋರ್ಡನ್ ಮತ್ತು ಸಂಗಡಿಗರು ಅಮೆರಿಕದ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದಲ್ಲಿ ನಡೆಸಿದ ಅಧ್ಯಯನದಲ್ಲಿ, ಅನೈಚ್ಛಿಕ ನರಗಳು ಕೆಟ್ಟ ರೋಗಿಗಳು 480 ಮಿಲಿಲೀಟರ್ ಸಾದಾ ನೀರು ಕುಡಿದಾಗ ಮೇಲಿನ ಒತ್ತಡವು 30 ಮಿಲಿಮೀಟರಿಗೂ ಹೆಚ್ಚು ಏರಿತು. ಪರಿಣಾಮ ಕೆಲವೇ ನಿಮಿಷಗಳಲ್ಲಿ ಆರಂಭವಾಗಿ ಸುಮಾರು ಅರ್ಧ ಗಂಟೆಗೆ ಗರಿಷ್ಠವಾಗುತ್ತದೆ. ಮುಂದಿನ ಅಧ್ಯಯನಗಳು, ಈ ತಕ್ಷಣದ ಏರಿಕೆ ಸಾದಾ ನೀರಿನಿಂದ ಆಗುವಷ್ಟು ಉಪ್ಪುನೀರಿನಿಂದ ಆಗುವುದಿಲ್ಲವೆಂದು ತೋರಿಸಿದವು. ಅಂದರೆ ಆತಿಥ್ಯದ ತಟ್ಟೆಯಲ್ಲಿ ಕೆಲಸ ಮಾಡುವುದು ಬೆಲ್ಲಕ್ಕಿಂತ ಹೆಚ್ಚಾಗಿ ತಂಬಿಗೆಯ ನೀರು. ಬೆಳಿಗ್ಗೆ ಹಾಸಿಗೆಯಿಂದ ಇಳಿಯುವ ಮೊದಲೇ ಎರಡು ಲೋಟ ನೀರು ಕುಡಿಯುವುದು ಖರ್ಚಿಲ್ಲದ ಚಿಕಿತ್ಸೆ. ಹೃದಯ ಅಥವಾ ಮೂತ್ರಪಿಂಡದ ಕಾಯಿಲೆಯಿಂದ ನೀರಿನ ಮಿತಿ ಹೇಳಿಸಿಕೊಂಡವರು ಮಾತ್ರ ವೈದ್ಯರನ್ನು ಕೇಳಬೇಕು.

ಉಪ್ಪು: “ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ಬಂಧುವಿಲ್ಲ” ಎನ್ನುವ ಜನ ನಮ್ಮವರು. ‘ಲೋ ಬಿಪಿ’ ಎಂದ ಕೂಡಲೇ ಉಪ್ಪಿನಕಾಯಿ ನೆಕ್ಕಿಸುವುದು, ಉಪ್ಪು ಹಾಕಿದ ಮಜ್ಜಿಗೆ ಕುಡಿಸುವುದು ರೂಢಿ. ಬೆವರಿ ಬಳಲಿದವರಿಗೆ ಉಪ್ಪುಮಜ್ಜಿಗೆ, ಜೋಳದ ಅಂಬಲಿ ಒಳ್ಳೆಯದೇ. ನರಗಳ ಸೋಲಿನಿಂದ ಬಳಲುವ ಆಯ್ದ ರೋಗಿಗಳಿಗೆ ವೈದ್ಯರೂ ಉಪ್ಪನ್ನು ಹೆಚ್ಚಿಸುತ್ತಾರೆ. ಆದರೆ ವೃದ್ಧರಲ್ಲಿ ಅನೇಕರಿಗೆ ಕುಳಿತಾಗ ಅಧಿಕ ಒತ್ತಡವೂ ನಿಂತಾಗ ಕುಸಿತವೂ ಒಟ್ಟಿಗೇ ಇರುತ್ತವೆ. ಅಳೆಯದೆ ಉಪ್ಪು ಹೆಚ್ಚಿಸಿದರೆ ಒಂದು ಅಪಾಯದಿಂದ ಇನ್ನೊಂದಕ್ಕೆ ಬಿದ್ದಂತೆ.

ಹೊಟ್ಟೆ ಕಟ್ಟುವುದು: ಬಾಣಂತಿಗೆ ಹಳೆಯ ಸೀರೆಯಿಂದ ಹೊಟ್ಟೆಯನ್ನು ಬಿಗಿಯಾಗಿ ಕಟ್ಟುವುದು ಮತ್ತು ಅವಳನ್ನು ಹಿಡಿದೇ ಎಬ್ಬಿಸುವುದು ಹಳ್ಳಿಗಳಲ್ಲಿ ಈಗಲೂ ಇದೆ. ನಿಂತಾಗ ರಕ್ತವು ಹೆಚ್ಚಾಗಿ ಸಂಗ್ರಹವಾಗುವುದು ಹೊಟ್ಟೆಯ ರಕ್ತನಾಳಗಳಲ್ಲಿ. ಆದುದರಿಂದ ಹೊಟ್ಟೆಪಟ್ಟಿಯು ನಿಂತಾಗಿನ ಒತ್ತಡಕ್ಕೆ ನೆರವಾಗುತ್ತದೆಂದು ಸಂಶೋಧನೆಗಳು ತೋರಿಸಿವೆ. ಬರೀ ಪಾದ ಮೀನಖಂಡಗಳ ಬಿಗಿಚೀಲಕ್ಕಿಂತ ಇದು ಹೆಚ್ಚು ಉಪಯುಕ್ತ. ಬಾಣಂತಿಯ ಹೊಟ್ಟೆ ಕಟ್ಟುವ ಉದ್ದೇಶವನ್ನು ಜನರು ಹೇಳುವುದು ಬೇರೆ: ಹೊಟ್ಟೆ ಇಳಿಯಬಾರದು, ವಾಯು ತುಂಬಬಾರದು ಎಂದು. ಉದ್ದೇಶ ಬೇರೆಯಾದರೂ ಪರಿಣಾಮದಲ್ಲಿ ಹೋಲಿಕೆ ಇರಬಹುದೆಂಬಷ್ಟನ್ನೇ ನಾವು ಹೇಳಬಹುದು.

ಭಂಗಿ: ತಲೆ ತಿರುಗಿದಾಗ ಇದ್ದಲ್ಲಿಯೇ ಕುಕ್ಕರಿಸುವುದು ಹೊಲದಲ್ಲಿ ದುಡಿಯುವವರ ಸಹಜ ಕ್ರಮ. ನೆದರ್ಲೆಂಡಿನ ವೀಲಿಂಗ್ ಮತ್ತು ವಾನ್ ಲೀಶೌಟ್ ಅವರ ತಂಡವು 1990ರ ದಶಕದಲ್ಲಿ ಕಾಲು ಹೆಣೆದು ನಿಲ್ಲುವುದು, ತೊಡೆ ಪಿರ್ರೆಗಳ ಸ್ನಾಯು ಬಿಗಿಯುವುದು, ಕುಕ್ಕರಿಸುವುದು ಇವು ಒತ್ತಡವನ್ನು ಕೂಡಲೇ ಏರಿಸುತ್ತವೆಂದು ಅಳೆದು ತೋರಿಸಿತು. ಕುಕ್ಕರಿಸಿದಾಗ ಕಾಲಿನ ರಕ್ತ ಹಿಂಡಿ ಮೇಲಕ್ಕೆ ಬರುತ್ತದೆ. ಆದರೆ ಕುಕ್ಕರಗಾಲಿನಿಂದ ಥಟ್ಟನೆ ಎದ್ದರೆ ಕುಸಿತ ಇನ್ನೂ ತೀವ್ರ. “ಹಗೂರಕ ಏಳ್ರಿ, ಗಡಬಡಿಸಬ್ಯಾಡ್ರಿ” ಎಂದು ಹಿರಿಯರಿಗೆ ಹೇಳುವ ಮಾತಿಗೆ ಇಲ್ಲಿ ಪೂರ್ಣ ಬೆಂಬಲವಿದೆ.

ಏಳುವ ಕ್ರಮ: ಎಚ್ಚರವಾದ ಮೇಲೆ ಹಾಸಿಗೆಯಲ್ಲೇ ಎದ್ದು ಕುಳಿತು ಅಂಗೈ ನೋಡಿಕೊಂಡು, ಭೂತಾಯಿಗೆ ನಮಿಸಿ ಆಮೇಲೆ ಕಾಲೂರುವ ಆಚಾರವು ಏಳುವುದನ್ನು ತಾನಾಗಿಯೇ ನಿಧಾನಗೊಳಿಸುತ್ತದೆ. ಇದನ್ನು ರಕ್ತದೊತ್ತಡಕ್ಕಾಗಿ ರೂಪಿಸಿದರೆಂದು ವಾದಿಸುವುದು ಆಚಾರಕ್ಕೂ ವಿಜ್ಞಾನಕ್ಕೂ ಮಾಡುವ ಅನ್ಯಾಯ. ಭಕ್ತಿಯ ಅರ್ಥ ಭಕ್ತಿಯಲ್ಲೇ ಇದೆ. ನಿಧಾನದ ಲಾಭ ಅದರೊಂದಿಗೆ ಬಂದುದು.

ಮಲಗುವ ಕ್ರಮ: 1940ರಲ್ಲಿ ಮೆಕ್ಲೀನ್ ಮತ್ತು ಆ್ಯಲನ್ ಮಂಚದ ತಲೆಯ ಕಡೆಯನ್ನು ಎತ್ತರಿಸಿ ಮಲಗಿಸುವ ಚಿಕಿತ್ಸೆಯನ್ನು ಸೂಚಿಸಿದರು. ರಾತ್ರಿ ಮೂತ್ರದಲ್ಲಿ ಉಪ್ಪು ನೀರು ಹೋಗುವುದನ್ನು ಇದು ತಗ್ಗಿಸುತ್ತದೆ. ಇದಕ್ಕೆ ಹೊರಸಿನ ತಲೆಗಾಲುಗಳ ಕೆಳಗೆ ಇಟ್ಟಂಗಿ ಇಡಬೇಕೇ ಹೊರತು ದಿಂಬು ಹೆಚ್ಚಿಸಿದರೆ ಸಾಲದು. ಆದರೆ 2011ರಲ್ಲಿ ಐರ್ಲೆಂಡಿನಲ್ಲಿ ವೃದ್ಧರ ಮೇಲೆ ನಡೆದ ಪ್ರಯೋಗದಲ್ಲಿ ಆರು ಇಂಚಿನ ಎತ್ತರದಿಂದ ಹೆಚ್ಚಿನ ಲಾಭ ಕಾಣಲಿಲ್ಲ. ನರಗಳು ತೀವ್ರವಾಗಿ ಸೋತವರಿಗೆ ಉಪಯೋಗವಾದುದು ಎಲ್ಲರಿಗೂ ಆಗಲಾರದು.

ಊಟ: ಹಬ್ಬದ ಹೋಳಿಗೆಯೂಟದ ಮೇಲೆ ಸ್ವಲ್ಪ ಅಡ್ಡಾಗುವ ಪದ್ಧತಿಯನ್ನು ಸೋಮಾರಿತನವೆಂದು ತಳ್ಳಿಹಾಕುವಂತಿಲ್ಲ. ಊಟವಾದ ಮೇಲೆ ವೃದ್ಧರ ಒತ್ತಡ ಇಳಿಯುತ್ತದೆಂಬುದನ್ನು 1983ರಲ್ಲಿ ಲಿಪ್ಸಿಟ್ಜ್ ಮತ್ತು ಸಂಗಡಿಗರು ತೋರಿಸಿದರು. ಅನ್ನ, ಸಿಹಿ ಹೆಚ್ಚಿದಷ್ಟೂ ಇಳಿತ ಹೆಚ್ಚು. ಸ್ವಲ್ಪಸ್ವಲ್ಪವಾಗಿ ಹಲವು ಸಲ ಉಣ್ಣುವುದು ಇದಕ್ಕೆ ಪರಿಹಾರ.

ಬಿದ್ದವರ ಉಪಚಾರ: ಬವಳಿ ಬಂದು ಬಿದ್ದವರಿಗೆ ಮುಖಕ್ಕೆ ನೀರು ಚಿಮುಕಿಸುವುದು, ಉಳ್ಳಾಗಡ್ಡಿ ಜಜ್ಜಿ ಮೂಗಿಗೆ ಹಿಡಿಯುವುದು ರೂಢಿ. ಇವುಗಳಿಂದ ಕೇಡಿಲ್ಲ. ಕೇಡಿರುವುದು ಬಿದ್ದವರನ್ನು ಕೂಡಲೇ ಎತ್ತಿ ಕೂರಿಸುವ, ನಿಲ್ಲಿಸುವ ಹಾಗೂ ಪೂರ್ಣ ಎಚ್ಚರವಾಗುವ ಮೊದಲೇ ಬಾಯಿಗೆ ನೀರು ಹಾಕುವ ಅವಸರದಲ್ಲಿ. ಅವರನ್ನು ಅಂಗಾತ ಮಲಗಿಸಿ ಕಾಲುಗಳನ್ನು ಎತ್ತರಕ್ಕೆ ಹಿಡಿಯಬೇಕು. ಎದೆನೋವು, ಮಾತಿನ ತೊದಲು, ಒಂದು ಕಡೆಯ ಸ್ವಾಧೀನ ತಪ್ಪುವುದು ಕಂಡರೆ, ಅಥವಾ ಕುಳಿತಿದ್ದಾಗಲೇ ಬವಳಿ ಬಂದಿದ್ದರೆ ತಡಮಾಡದೆ ಆಸ್ಪತ್ರೆಗೆ ಸಾಗಿಸಬೇಕು. ಇಲ್ಲಿ ರೂಢಿಯನ್ನು ತಿದ್ದಲೇಬೇಕು.

ಅಳತೆಯ ಕೊರತೆ

ರೋಗಿಯನ್ನು ಕುಳ್ಳಿರಿಸಿ ಒತ್ತಡ ನೋಡುವುದು ನಮ್ಮ ಆಸ್ಪತ್ರೆಗಳ ಸಾಮಾನ್ಯ ಕ್ರಮ. ಮನೆಮನೆಗೆ ಹೋಗಿ ರಕ್ತದೊತ್ತಡ, ಮಧುಮೇಹಗಳನ್ನು ತಪಾಸಣೆ ಮಾಡುವ ‘ಗೃಹ ಆರೋಗ್ಯ’ ಯೋಜನೆಯು ಕರ್ನಾಟಕದಲ್ಲಿ 2024ರಲ್ಲಿ ಆರಂಭವಾಯಿತು. ಇಂತಹ ತಪಾಸಣೆಯಿಂದ ಅಧಿಕ ರಕ್ತದೊತ್ತಡ ಪತ್ತೆಯಾಗಿ ಗುಳಿಗೆ ಆರಂಭಿಸುವವರು ಹೆಚ್ಚುತ್ತಾರೆ, ಅದು ಆಗಬೇಕಾದದ್ದೇ. ಆದರೆ ಕಣ್ಣಿಗೆ ಕತ್ತಲೆ ಬರುವುದು ಕುಳಿತಾಗಿನ ಅಳತೆಯಲ್ಲಿ ಕಾಣುವುದಿಲ್ಲ. 2017ರಲ್ಲಿ ಜುರಾಶೆಕ್ ಮತ್ತು ಸಂಗಡಿಗರ ಅಧ್ಯಯನವು, ನಿಂತ ಮೊದಲ ನಿಮಿಷದೊಳಗಿನ ಅಳತೆಯೇ ತಲೆಸುತ್ತು, ಬೀಳುವಿಕೆ ಹಾಗೂ ಎಲುಬು ಮುರಿತಗಳನ್ನು ಹೆಚ್ಚು ಸರಿಯಾಗಿ ಸೂಚಿಸುತ್ತದೆಂದು ತೋರಿಸಿತು. ಮಲಗಿಸಲು ಮಂಚವಿಲ್ಲದ ಕಡೆ ಕುಳಿತು ನಿಂತಾಗ ಮೇಲಿನ ಒತ್ತಡ 15, ಕೆಳಗಿನದು 7 ಮಿಲಿಮೀಟರ್ ಇಳಿದರೂ ಎಚ್ಚರಿಕೆ ವಹಿಸಬಹುದೆಂದು ಅದೇ ವರ್ಷದ ಇನ್ನೊಂದು ಅಧ್ಯಯನ ಸೂಚಿಸಿತು. ಇದಕ್ಕೆ ಬೇಕಾದುದು ಇರುವ ಯಂತ್ರ ಮತ್ತು ಇನ್ನೆರಡು ನಿಮಿಷ.

ಇನ್ನೊಂದು ಸಂಗತಿ ಹೆಚ್ಚು ಗಂಭೀರವಾದುದು. ಕತ್ತಲೆ ಬಂದ ಕೂಡಲೇ “ಬಿಪಿ ಗುಳಗಿ ಹೆಚ್ಚಾತು” ಎಂದು ತಾವೇ ಗುಳಿಗೆ ಬಿಡುವವರು ಎಲ್ಲ ಊರುಗಳಲ್ಲಿ ಇದ್ದಾರೆ. 2020ರ ದಶಕದ ಆರಂಭದಲ್ಲಿ ಹಲವು ಪ್ರಯೋಗಗಳನ್ನು ಒಟ್ಟುಗೂಡಿಸಿದ ವಿಶ್ಲೇಷಣೆಯಲ್ಲಿ, ಅಧಿಕ ಒತ್ತಡವನ್ನು ಬಿಗಿಯಾಗಿ ನಿಯಂತ್ರಿಸಿದವರಲ್ಲಿ ನಿಂತಾಗಿನ ಕುಸಿತ ಹೆಚ್ಚಲಿಲ್ಲ. ಸ್ವಲ್ಪ ಕಡಿಮೆಯೇ ಆಯಿತು. 2024ರಲ್ಲಿ ಅಮೆರಿಕದ ಹೃದಯ ಸಂಘವು ನೀಡಿದ ಹೇಳಿಕೆಯೂ, ಕುಸಿತ ಕಂಡಾಕ್ಷಣ ಚಿಕಿತ್ಸೆಯನ್ನು ನಿಲ್ಲಿಸದೆ, ಕಾರಣವಾದ ಗುಳಿಗೆಯನ್ನು ಗುರುತಿಸಿ ಬದಲಾಯಿಸಬೇಕೆಂಬ ನಿಲುವನ್ನು ತಳೆಯಿತು. ಗುಳಿಗೆ ಬಿಟ್ಟು ಪಾರ್ಶ್ವವಾಯುವಿಗೆ ತುತ್ತಾಗುವುದು ಬಿದ್ದು ಎಲುಬು ಮುರಿದುಕೊಳ್ಳುವುದಕ್ಕಿಂತ ಸಣ್ಣ ವಿಪತ್ತಲ್ಲ. ಯಾವ ಗುಳಿಗೆ ಬಿಡಬೇಕು, ಯಾವುದನ್ನು ಬದಲಿಸಬೇಕು ಎಂಬುದನ್ನು ವೈದ್ಯರೇ ನಿರ್ಧರಿಸಬೇಕು. ಅವರ ಮುಂದೆ ಗಾಂವಟಿ ಔಷಧವನ್ನೂ ಮುಚ್ಚಿಡದೆ ಹೇಳಬೇಕು. ಹಾಗೆ ಹೇಳಿದವರನ್ನು ಗದರಿಸದೆ ಕೇಳುವ ವೈದ್ಯರೂ ಬೇಕು.

ಉಪಸಂಹಾರ

ಮೇಲಿನ ವಿವೇಚನೆಯಿಂದ ಮೂರು ತೀರ್ಮಾನಗಳಿಗೆ ಬರಬಹುದು. ಒಂದು, ಜನಪದ ರೋಗಪದಗಳು ಅಸ್ಪಷ್ಟವಲ್ಲ; ಕತ್ತಲೆ, ಚಕ್ಕರ, ಬವಳಿಗಳ ಭೇದವು ರೋಗನಿರ್ಣಯಕ್ಕೆ ನೇರವಾಗಿ ಸಹಾಯಕ. ತಾಲೂಕುವಾರು ಇಂತಹ ಪದಕೋಶಗಳನ್ನು ಸಿದ್ಧಪಡಿಸಿ ಆಶಾ ಕಾರ್ಯಕರ್ತೆಯರಿಗೂ ತರುಣ ವೈದ್ಯರಿಗೂ ಒದಗಿಸುವುದು ಜಾನಪದ ಸಂಸ್ಥೆಗಳು ಕೈಗೊಳ್ಳಬಹುದಾದ ಕಾರ್ಯ. ಎರಡು, ರೂಢಿಗಳನ್ನು ಒಟ್ಟಾಗಿ ಹೊಗಳುವುದು ಅಥವಾ ತೆಗಳುವುದು ಅಧ್ಯಯನವಾಗುವುದಿಲ್ಲ. ನೀರು, ನಿಧಾನ, ಕುಕ್ಕರಿಸುವಿಕೆಗಳಿಗೆ ಪುರಾವೆಯ ಬೆಂಬಲವಿದೆ. ಅಳತೆಯಿಲ್ಲದ ಉಪ್ಪು, ಬಿದ್ದವರನ್ನು ಎತ್ತಿ ಕೂರಿಸುವುದು ಅಪಾಯಕಾರಿ. ಪ್ರತಿಯೊಂದನ್ನೂ ಬೇರೆಬೇರೆಯಾಗಿಯೇ ತೂಗಬೇಕು. ಮೂರು, ನೂರು ವರ್ಷಗಳ ಸಂಶೋಧನೆಯ ನಂತರವೂ ಈ ಸ್ಥಿತಿಗೆ ಖಚಿತ ಗುಳಿಗೆ ಸಿಕ್ಕಿಲ್ಲ. ಅಗ್ಗದ, ನಿರಪಾಯದ ನಡವಳಿಕೆಗಳೇ ಮೊದಲ ಚಿಕಿತ್ಸೆಯಾಗಿ ಉಳಿದಿವೆ. ಅವುಗಳನ್ನು ಜನರ ಮಾತಿನಲ್ಲಿಯೇ ಜನರಿಗೆ ಮರಳಿ ತಲುಪಿಸಿದರೆ, ದೇವಿಕೊಪ್ಪದಂತಹ ಊರುಗಳಲ್ಲಿ ನಸುಕಿನಲ್ಲಿ ಏಳುವ ಹಿರಿಯರಲ್ಲಿ ಕೆಲವರಾದರೂ ಬೀಳದೆ ಉಳಿಯುತ್ತಾರೆ.